ಮೂರನೆಯ ಪೆಡಲ್

ಚಳ್ಳಕೆರೆ
ಜುಲೈ 7, 2003, ಸೋಮವಾರ

ನಿನ್ನೆ ಸಂಜೆ ಎರಡು ಪುಟ ಬರೆದಿದ್ದೆ. ಇವತ್ತು ಓದಿ ನೋಡಿದರೆ ಎಲ್ಲವೂ ಇತ್ತು, ಒಂದು ಮಾತು ಮಾತ್ರ ಇರಲಿಲ್ಲ. ಬೇರೆ ಯಾರೂ ಓದದ ಪುಸ್ತಕದಲ್ಲೂ ಅದನ್ನು ಬಿಟ್ಟೇಬಿಡುವವಳಿದ್ದೆ. ಆದ್ದರಿಂದ ಮೊದಲು ಅದನ್ನೇ ಬರೆಯುತ್ತೇನೆ. ಇಪ್ಪತ್ತೇಳು ವರ್ಷದ ಹಿಂದೆ ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿ ಕಾರು ಓಡಿಸುತ್ತಿದ್ದವಳು ನಾನು. ನಮ್ಮ ಅಬ್ಬಾ ಅಲ್ಲ.

ಆ ಎರಡು ಪುಟ ಹರಿದು ಹಾಕಿದ್ದೇನೆ. ನಿನ್ನೆ ನಡೆದದ್ದನ್ನು ಮತ್ತೆ ಬರೆಯುತ್ತೇನೆ.

ಭಾನುವಾರ ಸ್ಕೂಲಿಲ್ಲವಾದ್ದರಿಂದ ನನ್ನ ತಮ್ಮ ಅಸ್ಲಮನ ಊಟದ ಕ್ಯಾರಿಯರನ್ನು ನಾನೇ ಅಂಗಡಿಗೆ ಒಯ್ಯುತ್ತೇನೆ. ಅಬ್ಬಾ ಇದ್ದಾಗ ಅದು ಗ್ಯಾರೇಜು. ಅಸ್ಲಂ ಅದನ್ನು ಕಾರಿನ ಅಲಂಕಾರದ ಅಂಗಡಿ ಮಾಡಿದ್ದಾನೆ: ಸೀಟಿನ ಕವರು, ಗಾಜಿಗೆ ಕಪ್ಪು ಹಾಳೆ, ಹಿಂದಕ್ಕೆ ಹೋಗುವಾಗ ಹಾಡುವ ಹಾರ್ನು. ಈ ವರ್ಷ ಎಲ್ಲರೂ ಕೇಳುತ್ತಿರುವುದು ಅಲ್ಯೂಮಿನಿಯಂ ಪೆಡಲ್. ಮೂರರ ಒಂದು ಸೆಟ್ಟು, ಬೆಳ್ಳಿಯಂತೆ ಹೊಳೆಯುತ್ತದೆ, ಮೇಲೆ ಕಪ್ಪು ರಬ್ಬರಿನ ಗುಂಡಿಗಳು.

ನಾನು ಹೋದಾಗ ಬಿಳಿ ಮಾರುತಿಯೊಂದು ನಿಂತಿತ್ತು. ಅದರವನ ಹೆಸರು ಗಂಗರಾಜು, ಮೊಳಕಾಲ್ಮೂರಿನವನು, ಮೂವತ್ತು ದಾಟಿರಬೇಕು. ಸೀರೆ ಕೊಳ್ಳಲು ಬರುವವರನ್ನು ಬಾಡಿಗೆಗೆ ಕರೆದುಕೊಂಡು ತಿರುಗುತ್ತಾನಂತೆ. ಅಸ್ಲಮನ ತಲೆ ಡ್ಯಾಶ್‌ಬೋರ್ಡಿನ ಕೆಳಗೆ, ಕಾಲು ಬಾಗಿಲಿನಾಚೆ.

"ಇದರ ಹೊಳಪು ಹೋಗ್ತದೇನ್ರಿ?"

"ನಿಮ್ಮ ಕಾರು ಹೋದ್ರೂ ಇದರ ಹೊಳಪು ಹೋಗಲ್ಲಣ್ಣ. ಕಾಲಿಡಾಕೆ ನೀವೇ ನಾಚ್ಕೋತೀರಿ."

ಹಳೆಯ ರಬ್ಬರನ್ನು ಕಿತ್ತು, ಕಬ್ಬಿಣಕ್ಕೆ ಎರಡು ತೂತು ಕೊರೆದು, ಹಿಂದಿನಿಂದ ಪಟ್ಟಿ ಕೊಟ್ಟು ತಿರುಪು ಬಿಗಿಯಬೇಕು. ಕ್ಲಚ್ ಆಯಿತು. ಆಕ್ಸಿಲರೇಟರ್ ಆಯಿತು. ಅಷ್ಟರಲ್ಲಿ ಗಂಗರಾಜು ಹೊರಗೆ ಬಂದು ಬೋರ್ಡು ಓದಿದ. ಮೇಲೆ ದೊಡ್ಡಕ್ಷರದಲ್ಲಿ ಅಸ್ಲಂ ಕಾರ್ ಡೆಕೋರ್. ಕೆಳಗೆ ಬಣ್ಣ ಮಾಸಿದ ಹಳೆಯ ಅಕ್ಷರದಲ್ಲಿ ನಬೀ ಸಾಬ್ ಮೋಟಾರ್ ವರ್ಕ್ಸ್.

"ಈ ನಬೀ ಸಾಬ್ರು ನಿಮಗೇನಾಗ್ಬೇಕ್ರಿ?"

"ನಮ್ಮಪ್ಪ. ತೀರ್ಕಂಡು ಎಂಟು ವರ್ಸ ಆತು."

"ಒಂದು ಕರೀ ಕಾರಿತ್ತಲ್ಲ, ಅವರದಾ?"

"ಹಿಂದ್ಗಡೆ ಶೆಡ್ಡಿನಾಗೇ ಐತೆ. ಯಾಕ್ರಿ?"

ಗಂಗರಾಜು ಕಾರಿನ ಹತ್ತಿರ ಬಂದ. "ಹಂಗಾರೆ ಇಷ್ಟೇ ಸಾಕು ಬಿಡ್ರಿ. ಬ್ರೇಕು ಬ್ಯಾಡ. ಮುಟ್ಟಬ್ಯಾಡ್ರಿ."

"ಬ್ರೇಕ್ ಯಾರು ಮುಟ್ತಾರಣ್ಣ, ಮ್ಯಾಲಿನ ರಬ್ಬರ್ ಅಷ್ಟೇ ತೆಗೆಯೋದು."

"ಅದೂ ಬ್ಯಾಡ. ನಮ್ಮವ್ವನ ಕೈ ಮುರಿದಿದ್ದು ಅದೇ ಕಾರು. ಸಾಬ್ರು ಕೆಟ್ಟೋರು ಅಂತ ನಾನಂತಿಲ್ಲ, ನಮ್ಮೂರಾಗೆ ಯಾರೂ ಅನ್ನಲ್ಲ. ಆದ್ರೆ ಬ್ರೇಕು ಮಾತ್ರ ಆ ಗ್ಯಾರೇಜಿಗೆ ಬಿಡಬ್ಯಾಡ ಕಣಪ್ಪ ಅಂತ ನಮ್ಮವ್ವ ಸಾವಿರ ಸಲ ಹೇಳ್ಯಾಳೆ. ನೋಡ್ರಿ, ಬೋರ್ಡು ಓದದೇ ಬಂದು ಕುಂತೀನಿ."

ಅಸ್ಲಂ ಸ್ಪ್ಯಾನರ್ ಕೆಳಗಿಟ್ಟ. ಗಂಗರಾಜು ಆಗಲೇ ಮೂರರ ಹಣ ಕೊಟ್ಟಿದ್ದ. ಮೂರನೆಯದು ನಿಮ್ಮ ಹತ್ತಿರವೇ ಇರಲಿ ಎಂದ. ಹೊರಡುವಾಗ ನನ್ನ ಕಡೆ ನೋಡಿ, "ಅಕ್ಕಾರು ಯಾರು?" ಎಂದು ಕೇಳಿದ.

"ನಮ್ಮ ಆಪಾ, ಫರ್ಹತ್ ಅಂತ. ಇಂಗ್ಲಿಷ್ ಮೀಡಿಯಂ ಸ್ಕೂಲಿನಾಗೆ ಟೀಚರ್ರು."

ಆತ ಕೈ ಮುಗಿದ. ನಾನೂ ಮುಗಿದೆ. ನಾನು ಮಾಡಿದ್ದು ಅಷ್ಟೇ. ಎರಡು ಬೆಳ್ಳಿ ಪೆಡಲು, ನಡುವೆ ಒಂದು ಸವೆದ ಕರಿ ಪೆಡಲು ಹೊತ್ತು ಆ ಕಾರು ಬಳ್ಳಾರಿ ರಸ್ತೆಗೆ ತಿರುಗಿತು.

ಜುಲೈ 8, ಮಂಗಳವಾರ

ನಡೆದದ್ದನ್ನು ನಡೆದಂತೆ ಬರೆಯಬಲ್ಲೆನೇ ಎಂದು ನೋಡುತ್ತೇನೆ.

ಅಬ್ಬಾನ ಗ್ಯಾರೇಜಿಗೆ ಎಣ್ಣೆ ಮಿಲ್ಲಿನವರ ಗಾಡಿಗಳೇ ಹೆಚ್ಚು. ಆಗ ಚಳ್ಳಕೆರೆಯಲ್ಲಿ ಗಾಳಿ ಎತ್ತ ತಿರುಗಿದರೂ ಕಡಲೆಕಾಯಿ ಎಣ್ಣೆಯ ವಾಸನೆ. ಮಿಲ್ಲಿನ ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆದರೆ ಚಪ್ಪಲಿಯ ಅಟ್ಟೆಗೆ ಎಣ್ಣೆ ಹಿಡಿಯುತ್ತಿತ್ತು. ಆ ಕಾಲು ಪೆಡಲಿನ ಮೇಲೆ ನಿಲ್ಲುವುದಿಲ್ಲ. ಅದಕ್ಕೇ ಅಬ್ಬಾ ತಾವು ಮುಟ್ಟಿದ ಪ್ರತಿ ಗಾಡಿಯ ಡ್ರೈವರ್ ಬಾಗಿಲ ಕೆಳಗೆ ಒಂದು ತುಂಡು ಕಂಬಳಿ ಬಿಗಿಯುತ್ತಿದ್ದರು, ಈ ಕಡೆಯ ಒರಟು ಕುರಿ ಕಂಬಳಿ. ಮಾಲೀಕರು ಕೇಳಲಿ ಬಿಡಲಿ. "ಕಾಲೊರೆಸಿ ಹತ್ರಿ. ಬ್ರೇಕ್ ಶುರುವಾಗೋದು ಇಲ್ಲಿಂದ," ಎನ್ನುತ್ತಿದ್ದರು.

ನಾನು ಗಿಡ್ಡ. ಹದಿನಾರು ವರ್ಷವಾದರೂ, ಸೀಟಿನ ತುದಿಗೆ ಸರಿದರೂ, ನಮ್ಮ ಕರಿ ಕಾರಿನ ಪೆಡಲಿಗೆ ಕಾಲು ಪೂರ್ತಿ ಎಟುಕುತ್ತಿರಲಿಲ್ಲ. ಚಿತ್ರದುರ್ಗದ ಹಾಸ್ಟೆಲಿನಿಂದ ರಜೆಗೆ ಬಂದವಳು ಅದನ್ನೇ ಅಳುತ್ತಾ ಹೇಳಿದಾಗ ಅಬ್ಬಾ, "ನಿನ್ನ ಕಾಲು ಉದ್ದ ಮಾಡೋದು ನನ್ನ ಕೈಲಿಲ್ಲ ಬೇಟಾ. ಪೆಡಲ್ ಉದ್ದ ಮಾಡ್ತೀನಿ," ಎಂದರು. (ಮನೆಯಲ್ಲಿ ನಾವು ಆಡುವುದು ಉರ್ದು. ಇಲ್ಲಿ ಕನ್ನಡದಲ್ಲೇ ಬರೆದುಕೊಳ್ಳುತ್ತಿದ್ದೇನೆ.)

ಸವೆದುಹೋದ ಪಿಸ್ಟನ್‌ಗಳು ಗ್ಯಾರೇಜಿನ ಮೂಲೆಯಲ್ಲಿ ರಾಶಿ ಬಿದ್ದಿರುತ್ತಿದ್ದವು. ಅವೆಲ್ಲ ಅಲ್ಯೂಮಿನಿಯಂ ಎಂದು ನನಗೆ ಗೊತ್ತಾದದ್ದೇ ಅವತ್ತು. ಕಬ್ಬಿಣದ ಬಾಣಲೆಯಲ್ಲಿ ಅವನ್ನು ಕರಗಿಸಿದರು. ಒದ್ದೆ ಮರಳಿನಲ್ಲಿ ಮರದ ಅಚ್ಚು ಒತ್ತಿ, ಆ ಗುಂಡಿಗೆ ಬೆಳ್ಳಗಿನ ನೀರು ಸುರಿದರು. ನನ್ನ ಚಪ್ಪಲಿಯ ಅಗಲದ್ದು, ಒಂದೂವರೆ ಇಂಚು ದಪ್ಪದ್ದು, ಮೂರು. ಒಂದಿಡೀ ದಿನ ಕೂತು ಉಜ್ಜಿ ಉಜ್ಜಿ ಹೊಳಪು ಕೊಟ್ಟರು. "ನಿನಗಿನ್ನು ಕನ್ನಡಿ ಬೇಡ, ಬಗ್ಗಿ ನೋಡಿದರೆ ಸಾಕು." ಪಕ್ಕದ ಟೈರಿನ ಅಂಗಡಿಯವರು, "ಹೆಣ್ಣು ಹುಡ್ಗಿಗೆ ಯಾಕ್ರಿ ಸಾಬ್ರೇ ಡ್ರೈವಿಂಗು?" ಎಂದು ಕೇಳಿದ್ದರು. "ಅವಳಿಗೂ ಎರಡು ಕಾಲೈತಲ್ಲ," ಎಂದಿದ್ದರು ಅಬ್ಬಾ.

ಪರಶುರಾಂಪುರದ ರಸ್ತೆಯಲ್ಲಿ ಹದಿನೈದು ದಿನ ಕಲಿತೆ. ರಸ್ತೆಯ ಎರಡೂ ಕಡೆ ಕೆಂಪು ಹೊಲ, ಎದುರಿಗೆ ಬರುವುದೆಲ್ಲ ಕುರಿ ಮಂದೆ. ಅಬ್ಬಾ ನನ್ನ ಪಕ್ಕದಲ್ಲಿ ಕೂತು ಬೀಡಿ ಸೇದುತ್ತಾ ಕುರಿಗಳಿಗೆ ದಾರಿ ಹೇಳುತ್ತಿದ್ದರು. ಅಷ್ಟು ಸಂತೋಷವಾಗಿ ನಾನು ಆಮೇಲೆ ಯಾವಾಗ ಇದ್ದೆ ಎಂದು ಯೋಚಿಸಿದರೆ ತಕ್ಷಣ ಏನೂ ನೆನಪಾಗುವುದಿಲ್ಲ. ನೆನಪಾಗಬೇಕಿತ್ತು. ಮದುವೆಯಾಗಿ ದಾವಣಗೆರೆಯಲ್ಲಿ ಹದಿನೇಳು ವರ್ಷ ಸಂಸಾರ ಮಾಡಿದ್ದೇನೆ, ಅವರು ತೀರಿಕೊಂಡ ಮೇಲೆ ಇಲ್ಲಿಗೆ ಬಂದದ್ದು. ಅಲ್ಲೂ ಒಳ್ಳೆಯ ದಿನಗಳಿದ್ದವು.

1976ರ ಏಪ್ರಿಲ್. ಮೊಳಕಾಲ್ಮೂರಿಗೆ ಎರಡು ಮೈಲಿ ಮೊದಲು ರಸ್ತೆ ಬದಿಯ ಮಿಲ್ಲೊಂದಕ್ಕೆ ರಿಪೇರಿ ಮಾಡಿದ ಡೈನಮೊ ಕೊಡುವುದಿತ್ತು. ಹಾಗೆಯೇ ಊರಿಗೆ ಹೋಗಿ ಅಮ್ಮಿಗೆ ಒಂದು ರೇಷ್ಮೆ ಸೀರೆ ತರೋಣ ಎಂದರು. ಮಿಲ್ಲಿನ ಅಂಗಳದಲ್ಲಿ ನಾನೂ ಓಡಾಡಿದೆ. ಸೀರೆಯ ಬಣ್ಣ ಯಾವುದಿರಬೇಕು ಎಂದು ಮಾತಾಡುತ್ತಾ ಬಂದು, ಕಂಬಳಿಗೆ ಕಾಲೊರೆಸದೆ ಹತ್ತಿ ಕೂತೆ.

ನೇಕಾರರ ಬೀದಿಯಲ್ಲಿ ಬೆಳಗಿನ ತಂಪಿಗೆ ಹಾಸು ಹರಡಿದ್ದರು. ಸೀರೆಯ ಉದ್ದದ ಎಳೆಗಳನ್ನು ಗೂಟದಿಂದ ಗೂಟಕ್ಕೆ ಬೀದಿಯುದ್ದ ಬಿಗಿದು, ಕಡಿದ ಎಳೆಗಳನ್ನು ಕೂಡಿಸುತ್ತಾರೆ. ಅಲ್ಲಿನ ಗಾಡಿಗಳೆಲ್ಲ ಹಾಸು ಕಂಡರೆ ನಿಲ್ಲುತ್ತವೆ. ನಾನು ತಿರುವಿನಲ್ಲಿ ತಿರುಗಿದೆ. ತಾವರೆ ಬಣ್ಣದ ಎಳೆಗಳು ಬಿಸಿಲಿಗೆ ಹೊಳೆದವು. ಬ್ರೇಕ್ ಒತ್ತಿದೆ. ಪೆಡಲ್ ಅಲ್ಲೇ ಇತ್ತು, ನನ್ನ ಕಾಲು ಅಲ್ಲಿರಲಿಲ್ಲ.

ಅಬ್ಬಾ ಕೈಬ್ರೇಕ್ ಎಳೆಯುವಷ್ಟರಲ್ಲಿ ಹಾಸು ಹರಿದು, ಗೂಟ ಉರುಳಿತ್ತು. ಎಳೆ ಕೂಡಿಸುತ್ತಿದ್ದ ಮುದ್ದಕ್ಕನ, ಈ ಗಂಗರಾಜುವಿನ ತಾಯಿಯ, ಬಲಗೈ ಮಣಿಕಟ್ಟು ಅದರಡಿ ಸಿಕ್ಕಿತ್ತು. ದೂಳು ಇಳಿಯುವ ಮೊದಲೇ ಅಬ್ಬಾ, "ಈ ಕಡೆ ಸರಿ," ಎಂದರು. ಆ ಕಾರಿನ ಮುಂದಿನ ಸೀಟು ಬೆಂಚಿನಂಥದ್ದು. ನಾನು ಸರಿದೆ. ಅವರು ನನ್ನನ್ನು ದಾಟಿ ಸ್ಟೀರಿಂಗಿನ ಹಿಂದೆ ಕೂತು, ಆ ಕಡೆಯ ಬಾಗಿಲಿನಿಂದ ಇಳಿದರು.

"ಬ್ರೇಕ್ ಫೇಲಾತು. ತಪ್ಪು ನನ್ನದು."

ಬ್ರೇಕ್ ಹೋಗಿದೆ ಎಂದ ಮೇಲೆ ಅದೇ ಕಾರಿನಲ್ಲಿ ಮುದ್ದಕ್ಕನನ್ನು ಆಸ್ಪತ್ರೆಗೆ ಕರೆದೊಯ್ಯುವ ಹಾಗಿರಲಿಲ್ಲ. ಯಾರದೋ ಗಾಡಿ ಕಟ್ಟಿದರು, ಎತ್ತಿನ ಗಾಡಿ. ಅಬ್ಬಾ ಅದರ ಜೊತೆ ನಡೆದು ಹೋಗಿ ಬಂದರು. ಆಮೇಲೆ ಆ ಬೀದಿಯಲ್ಲೇ, ಜನ ಸುತ್ತ ನಿಂತು ನೋಡುತ್ತಿರಲು, ಸರಿಯಾಗಿದ್ದ ಬ್ರೇಕನ್ನು ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿದರು. ನಾನು ಕಾರಿನೊಳಗೆ ಕೂತು ಅವರ ಬೆನ್ನು ನೋಡುತ್ತಿದ್ದೆ. ಏನೂ ಕೆಟ್ಟಿಲ್ಲದ್ದನ್ನು ರಿಪೇರಿ ಮಾಡುವುದು ಎಷ್ಟು ಕಷ್ಟವಿರಬೇಕು.

ರೇಷ್ಮೆಯ ನಷ್ಟ ಕಟ್ಟಿಕೊಟ್ಟರು. ಆರು ತಿಂಗಳು ಹೋಗಿ ಬಂದು ಮುದ್ದಕ್ಕನನ್ನು ವಿಚಾರಿಸಿದರು. ಆದರೂ ಆ ಕಡೆಯ ಗಾಡಿಗಳು ನಮ್ಮ ಗ್ಯಾರೇಜಿಗೆ ಬರುವುದು ನಿಂತಿತು. ಬ್ರೇಕಿಲ್ಲದ ನಬೀ ಸಾಬ್ ಎಂಬ ಹೆಸರು ಮೊಳಕಾಲ್ಮೂರಿನಲ್ಲಿ ಹುಟ್ಟಿ ಚಳ್ಳಕೆರೆಗೂ ಬಂತು. ನಾನು ಜೂನಿನಲ್ಲಿ ಹಾಸ್ಟೆಲಿಗೆ ಹೋದೆ. ಮತ್ತೆ ಸ್ಟೀರಿಂಗ್ ಮುಟ್ಟಲಿಲ್ಲ.

ಜುಲೈ 10, ಗುರುವಾರ

ಅಸ್ಲಂ ಬೋರ್ಡು ಬದಲಾಯಿಸುತ್ತಾನಂತೆ. ಊಟಕ್ಕೆ ಕೂತಾಗ ಹೇಳಿದ. ಪೇಂಟರು ಇಪ್ಪತ್ತನೇ ತಾರೀಕು, ಭಾನುವಾರ ಬರುತ್ತಾನೆ. ಅಬ್ಬಾನ ಹೆಸರು ಅಳಿಸಿ ಅಲ್ಲಿ ಫೋನ್ ನಂಬರು.

"ಯಾಕೆ?" ಎಂದೆ.

"ಹಳೇ ಹೆಸರು ಹಳೇ ಮಾತು ತರ್ತದೆ ಆಪಾ. ನೀನು ದುರ್ಗದಲ್ಲಿ ಇಂಗ್ಲಿಷ್ ಪದ್ಯ ಓದ್ತಿದ್ದೆ, ನಿನಗೆ ಕೇಳಿಲ್ಲ. ಇಲ್ಲಿ ನಾನು ಓಡಿ ಹೋಗ್ತಿದ್ರೆ ಹುಡುಗ್ರೆಲ್ಲ, ಸರೀರಲೇ, ಇವನಿಗೂ ಬ್ರೇಕಿಲ್ಲ, ಅನ್ನೋರು. ನನಗೆ ಒಂಬತ್ತು ವರ್ಷ. ಈಗ ಮೂವತ್ತಾರು. ಮೊನ್ನೆ ಗಿರಾಕಿ ಮುಂದೆ ಮತ್ತೆ ಒಂಬತ್ತು ವರ್ಷದವನಾದೆ."

ಅಮ್ಮಿ ರೊಟ್ಟಿ ಮುರಿಯುತ್ತಾ, "ತೆಗೀಲಿ ಬಿಡು," ಎಂದರು. "ಊರಿನ ಬ್ರೇಕೆಲ್ಲ ನೋಡಿದ್ರು, ಮನೆ ಗಾಡಿದು ನೋಡಲಿಲ್ಲ. ಬದುಕಿದ್ದಾಗಲೂ ಅಂದಿದ್ದೀನಿ, ಈಗಲೂ ಅಂತೀನಿ."

ಅಮ್ಮಿ ಇದನ್ನು ಹೇಳುವುದನ್ನು ನಾನು ಎಷ್ಟು ಸಲ ಕೇಳಿದ್ದೇನೆ. ಪ್ರತಿ ಸಲವೂ ಅಬ್ಬಾ ನಗುತ್ತಿದ್ದರು. ನನ್ನ ಕಡೆ ನೋಡುತ್ತಿರಲಿಲ್ಲ. ನೋಡದಿರುವುದಕ್ಕೂ ಅಭ್ಯಾಸ ಬೇಕು ಎಂದು ಈಗ ಅನ್ನಿಸುತ್ತದೆ.

ಹತ್ತು ದಿನ ಇದೆ.

ಜುಲೈ 13, ಭಾನುವಾರ

ಅಂಗಡಿಯ ಶೆಲ್ಫಿನಲ್ಲಿ ಆ ಮೂರನೆಯ ಪೆಡಲು ರಟ್ಟಿನ ಡಬ್ಬಿಯಲ್ಲಿ ಒಂದೇ ಇದೆ. ಡಬ್ಬಿಯ ಎರಡು ಕುಳಿ ಖಾಲಿ, ಒಂದು ಭರ್ತಿ. ಕೈಗೆತ್ತಿಕೊಂಡು ನೋಡಿದೆ. ಹಗುರ. ಕಪ್ಪು ರಬ್ಬರಿನ ಗುಂಡಿಗಳ ಮೇಲೆ ಬೆರಳಾಡಿಸಿದೆ. ಜಾರುವುದಿಲ್ಲ. ಇದನ್ನು ಮಾಡಿದವರಿಗೆ ಕಾಲು ಜಾರುತ್ತದೆ ಎಂದು ಮೊದಲೇ ಗೊತ್ತಿತ್ತು.

ಆಮೇಲೆ ಶೆಡ್ಡಿಗೆ ಹೋದೆ. ಯಾಕೆ ಹೋದೆ ಎಂದರೆ, ಅಬ್ಬಾ ಮಾಡಿದ್ದಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ ಎಂದು ನೋಡುವ ಕುತೂಹಲ, ಅಷ್ಟೇ. ಟಾರ್ಪಾಲು ಸರಿಸಿದೆ. ಅಸ್ಲಂ ತಿಂಗಳಿಗೊಂದು ಸಲ ಕಾರನ್ನು ಸ್ಟಾರ್ಟ್ ಮಾಡಿ ಇಡುತ್ತಾನೆ, ಹಾಗಾಗಿ ಬಾಗಿಲು ಸುಲಭವಾಗಿ ತೆರೆಯಿತು. ಕೆಳಗೆ ಕಂಬಳಿಯ ತುಂಡು ಇನ್ನೂ ಇದೆ.

ಬಗ್ಗಿ ನೋಡಿದೆ. ಮೂರೂ ಅಲ್ಲೇ ಇದ್ದವು, ನನ್ನ ಮೂರೂ. ಅಂಚಿನಲ್ಲಿ ಹೊಳಪು ಇನ್ನೂ ಉಳಿದಿದೆ. ಆದರೆ ನಡುವಿನದರ ಮೇಲೆ ಗೆರೆಗಳಿದ್ದವು. ಅರದಿಂದ ಕೊರೆದವು, ಅಡ್ಡಕ್ಕೆ ಹನ್ನೊಂದು, ಉದ್ದಕ್ಕೆ ಏಳು. ಕೆಲವು ಎಷ್ಟು ಆಳ ಎಂದರೆ ಉಗುರು ಹೋಗುತ್ತದೆ. ಒಂದು ಗೆರೆ ಸೊಟ್ಟಗೆ ಹೋಗಿ ಅಂಚನ್ನೇ ಕಡಿದಿದೆ. ಅಬ್ಬಾನ ಕೈ ಸೊಟ್ಟ ಹೋಗಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹಾಗಾದರೆ ಕಾಲು ಜಾರಿದ್ದು ಅವರಿಗೆ ಗೊತ್ತಿತ್ತು. ಕಾರಣ ಬ್ರೇಕಲ್ಲ, ನಾನೂ ಅಲ್ಲ, ತಾವು ಒಂದಿಡೀ ದಿನ ಕೂತು ಕೊಟ್ಟ ಹೊಳಪು ಎಂದು ಅವರು ಅಂ​ದುಕೊಂಡಿದ್ದರು. ತಪ್ಪು ನನ್ನದು ಎಂದು ಬೀದಿಯಲ್ಲಿ ಹೇಳಿದಾಗ ಅವರು ಬರೀ ನನ್ನನ್ನು ಉಳಿಸಲು ಹೇಳುತ್ತಿದ್ದಾರೆ ಎಂದೇ ಇಷ್ಟು ವರ್ಷ ನಾನು ನಂಬಿದ್ದೆ. ಅವರು ನಿಜವೆಂದೇ ಹೇಳಿದ್ದರು. ಕಂಬಳಿಗೆ ಕಾಲೊರೆಸಿರಲಿಲ್ಲ ಎಂದು ನಾನು ಅವರಿಗೆ ಯಾವತ್ತೂ ಹೇಳಲಿಲ್ಲ. ಹೇಳಿದ್ದರೆ ಆ ಗೆರೆಗಳು ಅಷ್ಟು ಆಳ ಇರುತ್ತಿರಲಿಲ್ಲವೇನೋ.

ಗೆರೆ ಮುಟ್ಟಿ ನೋಡಲು ಸೀಟಿನ ಮೇಲೆ ಕೂರಬೇಕಾಯಿತು. ಕೂತೆ. ಕಾಲು ಎಟುಕುತ್ತದೆ.

ಜುಲೈ 14, ಸೋಮವಾರ

ಏನೂ ಇಲ್ಲ. ಎಂಟನೇ ಕ್ಲಾಸಿಗೆ ಪತ್ರಲೇಖನ ಹೇಳಿಕೊಟ್ಟೆ. ಕ್ಷಮೆ ಕೇಳುವ ಪತ್ರಕ್ಕೆ ಪುಸ್ತಕದಲ್ಲಿ ಎಂಟೇ ಸಾಲು.

ಜುಲೈ 15, ಮಂಗಳವಾರ

ಅಸ್ಲಮನನ್ನು ಸುಮ್ಮನೆ ಕೇಳುವಂತೆ ಕೇಳಿದೆ, ಆ ಕರಿ ಕಾರಿನ ಪೆಡಲು ಯಾಕೆ ಅಷ್ಟು ದಪ್ಪ ಎಂದು.

"ಅಯ್ಯೋ ಅದು ಬಿಡು ಆಪಾ. ಅಬ್ಬಾಂದು ಒಂಟೆ ಕಾಲು. ಆ ದಪ್ಪ ಪೆಡಲ್ ಮೇಲೆ ಕಾಲಿಟ್ರೆ ಮೊಣಕಾಲು ಹೋಗಿ ಸ್ಟೀರಿಂಗಿಗೆ ತಾಗೋದು. ಬಲಕ್ಕೆ ತಿರುಗಿಸೋವಾಗೆಲ್ಲ ಮೊಣಕಾಲು ಹೊರಗೆ ಚಾಚಿ, ಕುಕ್ಕರಗಾಲಲ್ಲಿ ಕೂತ ಹಾಗೆ ಓಡಿಸೋರು. ಬಸ್ಟ್ಯಾಂಡಲ್ಲಿ ಜನ ನಗೋರು. ಎರಡು ಬೋಲ್ಟು, ತೆಗೆದುಬಿಡ್ತೀನಿ ಅಂದ್ರೆ ನನಗೆ ಸ್ಪ್ಯಾನರಲ್ಲಿ ಹೊಡೆಯೋಕೆ ಬರೋರು."

"ಯಾಕಂತೆ?"

"ಇರಲಿ, ಯಾರಾದರೂ ಬಂದ್ರೆ ಬೇಕಾಗ್ತದೆ, ಅನ್ನೋರು. ಯಾರು ಬರ್ತಾರೆ ಆ ಡಬ್ಬಾ ಓಡಿಸೋಕೆ?"

ಅಬ್ಬಾ ತೀರಿಕೊಳ್ಳುವವರೆಗೆ, ಹತ್ತೊಂಬತ್ತು ವರ್ಷ. ದಾವಣಗೆರೆಯಿಂದ ಹಬ್ಬಕ್ಕೆ ಬಂದಾಗಲೆಲ್ಲ ಅಬ್ಬಾ ಬಸ್ಟ್ಯಾಂಡಿಗೆ ಕಾರು ತರುತ್ತಿದ್ದರು. ಇಳಿದು, ಡ್ರೈವರ್ ಕಡೆಯ ಬಾಗಿಲನ್ನು ತೆರೆದು ಹಿಡಿದುಕೊಂಡೇ ಚೀಲ ಇಸಿದುಕೊಳ್ಳುತ್ತಿದ್ದರು. ನಾನು ಸುತ್ತಿ ಹೋಗಿ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದೆ. ಆ ಬಾಗಿಲು ಯಾಕೆ ತೆರೆದಿರುತ್ತಿತ್ತು ಎಂದು ಒಂದು ಸಲವೂ ಯೋಚಿಸಲಿಲ್ಲ.

ಜುಲೈ 19, ಶನಿವಾರ

ಹೇಳಿದೆ.

ಮಧ್ಯಾಹ್ನ ಊಟವಾದ ಮೇಲೆ, ಇಬ್ಬರೂ ಇದ್ದಾಗ. ಮೂರು ದಿನದಿಂದ ಸಿದ್ಧಮಾಡಿಕೊಂಡಿದ್ದ ಮಾತುಗಳು ಯಾವುವೂ ಬರಲಿಲ್ಲ. "ಅವತ್ತು ಓಡಿಸ್ತಿದ್ದಿದ್ದು ನಾನು. ಬ್ರೇಕ್ ಚೆನ್ನಾಗಿತ್ತು. ಅಬ್ಬಾ ನನ್ನ ಜಾಗಕ್ಕೆ ಬಂದು ಕೂತರು." ಇಷ್ಟೇ. ಪುಸ್ತಕದ ಎಂಟು ಸಾಲೂ ಆಗಲಿಲ್ಲ.

ಅಸ್ಲಂ ಮೊದಲು ನಕ್ಕ. ಆಮೇಲೆ ಎದ್ದು ನಿಂತ.

"ಇಪ್ಪತ್ತೇಳು ವರ್ಷ, ಆಪಾ."

"ಹೌದು."

"ನೀನು ಮಾತಾಡೋದು ಮೂರು ಭಾಷೆ. ಒಂದರಲ್ಲೂ ಹೇಳೋಕಾಗ್ಲಿಲ್ಲ?"

ಅವನು ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋದ.

ಅಮ್ಮಿ ಬಹಳ ಹೊತ್ತು ಊಟಕ್ಕೆ ಹಾಸಿದ್ದ ದಸ್ತರಖಾನಿನ ಮೇಲೆ ಬಿದ್ದಿದ್ದ ಅನ್ನದ ಅಗುಳುಗಳನ್ನು ಒಂದೊಂದಾಗಿ ಆರಿಸಿದರು. "ನಾನು ಅವರನ್ನ ಎಷ್ಟು ಅಂದೆ," ಎಂದರು. "ಆಸ್ಪತ್ರೇಲಿ ಮಲಗಿದ್ದಾಗಲೂ ಅಂದೆ. ಡಾಕ್ಟರು ಹೃದಯ ನಿಧಾನ ಆಗ್ತಿದೆ ಅಂದಾಗ, ಇಲ್ಲಾದರೂ ಬ್ರೇಕ್ ಕೆಲಸ ಮಾಡ್ತಿದೆಯಲ್ಲ ಅಂದೆ. ನಕ್ಕರು. ನೀನು ಅಲ್ಲೇ ಇದ್ದೆ. ಕಾಲು ಒತ್ತುತ್ತಾ ಕೂತಿದ್ದೆ."

ಹೌದು, ನಾನು ಅಲ್ಲೇ ಇದ್ದೆ.

ಜುಲೈ 20, ಭಾನುವಾರ

ಪೇಂಟರು ಬಂದಿದ್ದ. ಏಣಿ ಹಾಕಿ, ಡಬ್ಬಿ ತೆರೆದು, ಏನು ಬರೆಯಲಿ ಎಂದು ಅಸ್ಲಮನನ್ನು ಕೇಳಿದನಂತೆ. ಅಸ್ಲಂ ಚಹಾ ಕುಡಿಸಿ ವಾಪಸು ಕಳಿಸಿದ. ನನ್ನ ಜೊತೆ ಮಾತಾಡಲಿಲ್ಲ. ಕ್ಯಾರಿಯರ್ ಖಾಲಿಯಾಗಿ ಬಂತು.

ಬೋರ್ಡು ಹಾಗೇ ಇದೆ.

ಜುಲೈ 23, ಬುಧವಾರ

ಅಮ್ಮಿ ನಾನು ಮಾಡಿಟ್ಟ ಚಹಾ ಕುಡಿಯುತ್ತಿಲ್ಲ. ತಾವೇ ಎದ್ದು ಬೇರೆ ಮಾಡಿಕೊಳ್ಳುತ್ತಾರೆ. ಎಪ್ಪತ್ತೆರಡು ವರ್ಷದ ಮಂಡಿ, ಪ್ರತಿ ಸಲ ಏಳುವಾಗ ಗೋಡೆ ಹಿಡಿಯುತ್ತಾರೆ. ನೋಡುತ್ತಾ ಕೂರುವುದು ನನಗೆ ಸಿಕ್ಕ ಶಿಕ್ಷೆ ಎಂದು ಮೊದಲ ದಿನ ಅಂದುಕೊಂಡೆ. ಇವತ್ತು, ಶಿಕ್ಷೆ ಎಂದುಕೊಳ್ಳುವುದೂ ನನ್ನನ್ನೇ ನಡುವೆ ಕೂರಿಸಿಕೊಳ್ಳುವ ರೀತಿ ಅಲ್ಲವೇ ಎಂದು ಅನ್ನಿಸಿತು.

ಸ್ಕೂಲಿನಲ್ಲಿ ಆಯಾ ಪಾತಮ್ಮ, "ಯಾಕ್ ಮಿಸ್ಸು, ಎರಡು ದಿನದಿಂದ ಬಾಗಿಲಾಗೆ ಚಪ್ಲಿ ಒರೆಸ್ತಾ ಇಲ್ಲ?" ಎಂದಳು. ಆರು ವರ್ಷದಿಂದ ನಾನು ಕಾಲೊರೆಸದೆ ಕ್ಲಾಸಿಗೆ ಹೋಗಿಲ್ಲವಂತೆ, ಹುಡುಗರು ನನ್ನನ್ನು ಅಣಕಿಸುವುದೇ ಹಾಗಂತೆ. ನನಗೆ ಗೊತ್ತಿರಲಿಲ್ಲ.

ಸಂಜೆ ಶೆಡ್ ಗುಡಿಸಿದೆ. ಕಾರಿನ ಅಡಿಯಲ್ಲಿ ಎಂಟು ವರ್ಷದ ಕಸ. ಗುಡಿಸಲು ಆಗದ್ದರಿಂದ ಕಾರನ್ನು ಗೇಟಿನವರೆಗೆ ಮುಂದಕ್ಕೆ ತೆಗೆದು, ಗುಡಿಸಿ, ಮತ್ತೆ ಹಿಂದಕ್ಕೆ ಹಾಕಿದೆ. ಒಣಗಿದ ಬೇವಿನ ಎಲೆ ಎರಡು ಬುಟ್ಟಿ ಆಯಿತು.

ಜುಲೈ 25, ಶುಕ್ರವಾರ

ಮುದ್ದಕ್ಕನಿಗೆ ಪತ್ರ ಬರೆಯಲು ಕೂತಿದ್ದೇನೆ, ಮೂರು ಸಲ ಬರೆದು ಮೂರು ಸಲ ಬಿಟ್ಟೆ. ಮೊದಲನೆಯದು ನನ್ನ ಬಗ್ಗೆಯೇ ಇತ್ತು. ಎರಡನೆಯದರಲ್ಲಿ ಅಬ್ಬಾ ಎಂಥ ಮೆಕ್ಯಾನಿಕ್ ಎಂದು ಒಂದು ಪುಟ. ಮೂರನೆಯದರಲ್ಲಿ ಪೆಡಲಿನ ಹೊಳಪಿನ ವಿಷಯ ಬಂತು. ಅದನ್ನು ಬರೆದರೆ ಮತ್ತೆ ಅಬ್ಬಾನ ಮೇಲೇ ಹೊರಿಸಿದಂತೆ. ಬರೆಯದಿದ್ದರೆ ಅವರು ಅರ ಹಿಡಿದು ಕೂತದ್ದನ್ನು ಬಚ್ಚಿಟ್ಟಂತೆ. ಯಾವುದು ಸತ್ಯ, ಯಾವುದು ನನ್ನ ಅನುಕೂಲ ಎಂದು ಬೇರೆ ಮಾಡುವುದು ಈ ವಯಸ್ಸಿನಲ್ಲೂ ಕಷ್ಟ.

ಅಮ್ಮಿ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಆರು ದಿನದ ಮೇಲೆ ಮೊದಲ ಮಾತು:

"ಯಾರಿಗೆ?"

"ಮೊಳಕಾಲ್ಮೂರಿಗೆ. ಅಬ್ಬಾನ ಹೆಸರಿಗೆ ಹತ್ತಿದ್ದನ್ನ..."

"ಓದು."

ಓದಿದೆ. ಅಮ್ಮಿ ಗೋಡೆಗೆ ಒರಗಿ ಕೇಳಿದರು.

"ಅವರ ಹೆಸರು ಆಮೇಲೆ," ಎಂದರು. "ಅವಳ ಕೈ ಹೇಗಿದೆ ಅಂತ ಎಲ್ಲಿ ಕೇಳಿದ್ದೀಯ?"

ಮೂರು ಪತ್ರದಲ್ಲೂ ಕೇಳಿರಲಿಲ್ಲ.

"ಬಲಗೈ," ಎಂದರು ಅಮ್ಮಿ. "ನೇಯೋ ಕೈ. ನಿಮ್ಮಪ್ಪ ಪ್ರತಿ ಸಲ ಅಲ್ಲಿಂದ ಬಂದಾಗ ಅದನ್ನೇ ಹೇಳೋರು, ಬೆರಳು ಮಡಚೋಕೆ ಬರ್ತಿದೆ, ಇನ್ನೂ ಎರಡು ಮಡಚ್ತಿಲ್ಲ ಅಂತ. ಮೊದಲು ಅದು ಕೇಳು." ಆಮೇಲೆ, "ಚಹಾ ಇದೆಯಾ?" ಎಂದರು.

ಜುಲೈ 27, ಭಾನುವಾರ

ಪತ್ರ ಮುಗಿಯಿತು. ಒಂದೇ ಪುಟ. ನಕಲು ಇಲ್ಲಿಟ್ಟುಕೊಳ್ಳುವುದಿಲ್ಲ. ಮೊದಲ ಸಾಲುಗಳು ಮಾತ್ರ:

ಮುದ್ದಕ್ಕನವರಿಗೆ, ನಿಮ್ಮ ಬಲಗೈ ಈಗ ಹೇಗಿದೆ? ಆ ಎರಡು ಬೆರಳು ಮಡಚಲು ಬಂದವೇ? ಇದನ್ನು ಇಪ್ಪತ್ತೇಳು ವರ್ಷ ಕೇಳದೆ ಇದ್ದವಳು ನಾನು. ಆ ದಿನ ಕಾರು ಓಡಿಸುತ್ತಿದ್ದವಳೂ ನಾನೇ, ನಬೀ ಸಾಬರ ಮಗಳು. ಎಣ್ಣೆ ಹತ್ತಿದ ಕಾಲನ್ನು ಒರೆಸದೆ ಹತ್ತಿದ್ದೆ, ಜಾರಿತು. ಬ್ರೇಕ್ ಚೆನ್ನಾಗಿತ್ತು.

ಗೆರೆಗಳ ವಿಷಯ ಬರೆಯಲಿಲ್ಲ. ಅದು ಅಬ್ಬಾ ನನಗೆ ಬರೆದದ್ದು, ಮುದ್ದಕ್ಕನಿಗಲ್ಲ. ಹಾಗೆಂದುಕೊಂಡಿದ್ದೇನೆ. ತಪ್ಪಿರಬಹುದು.

ಖುದ್ದಾಗಿ ಹೋಗಬಾರದೇ ಎಂದು ಅಸ್ಲಂ ಕೇಳಿದ. ನಿನ್ನೆಯಿಂದ ಮಾತಾಡುತ್ತಿದ್ದಾನೆ, ಮೊಟಕು ಮಾತು. ಮನೆ ಬಾಗಿಲಿಗೆ ಬಂದು ನಿಂತವಳನ್ನು ಆ ಬೀದಿಯವರು ಒಳಗೆ ಕರೆಯದೆ ಇರಲಾರರು. ಮುದ್ದಕ್ಕನಿಗೆ ನನ್ನನ್ನು ಕರೆಯದಿರುವ ಅವಕಾಶ ಇರಬೇಕು. ಅದಕ್ಕೇ ಪೋಸ್ಟು.

"ಹಾಗಾದ್ರೆ ಇದನ್ನೂ ಹಾಕು," ಎಂದು ಅಸ್ಲಂ ಶೆಲ್ಫಿನಿಂದ ಆ ಮೂರನೆಯ ಪೆಡಲನ್ನು ತಂದುಕೊಟ್ಟ. "ಗಂಗರಾಜು ಅಣ್ಣಂದು. ಎಷ್ಟು ದಿನ ಒಂದು ಕರೀ ಹಲ್ಲು ಇಟ್ಕೊಂಡು ತಿರುಗ್ತಾರೆ." ಗಂಗರಾಜುವಿಗೆ ಒಂದು ಸಾಲು ಸೇರಿಸಿದೆ: ಇದು ನಿಮ್ಮದು, ನಿಮಗೆ ನಂಬಿಕೆ ಇರುವವರ ಕೈಯಲ್ಲಿ ಹಾಕಿಸಿಕೊಳ್ಳಿ.

ಅಸ್ಲಂ ಅದನ್ನು ಓದಿದ. ಅಂಗಡಿಯ ಹಿಂದಕ್ಕೆ ಹೋಗಿ ಒಂದು ಗೇಣು ಕಂಬಳಿ ಕತ್ತರಿಸಿಕೊಂಡು ಬಂದು ಪೆಡಲಿಗೆ ಸುತ್ತಿದ. ಅಮ್ಮಿ ಹಳೆಯ ದಿಂಬಿನ ಬಟ್ಟೆಯನ್ನು ಚೀಲ ಮಾಡಿ, ಎಲ್ಲವನ್ನೂ ಒಳಗಿಟ್ಟು, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಬಾಯಿ ಹೊಲಿದರು. ಹೊಲಿಗೆ ಹತ್ತಿರ ಹತ್ತಿರ ಇದೆ. ವಿಳಾಸ ನಾನು ಬರೆದೆ, ಕನ್ನಡದಲ್ಲಿ, ದೊಡ್ಡಕ್ಷರದಲ್ಲಿ.

ಪೋಸ್ಟ್ ಆಫೀಸಿಗೆ ಕರಿ ಕಾರಿನಲ್ಲಿ ಹೋಗುತ್ತೇನೆ, ಪಾರ್ಸೆಲ್ ಸ್ವಲ್ಪ ಭಾರ ಇದೆ. ಅಸ್ಲಂ ಪಕ್ಕದಲ್ಲಿ ಕೂರುತ್ತಾನಂತೆ. ಇವತ್ತು ಭಾನುವಾರ, ಬಾಗಿಲು ಹಾಕಿರುತ್ತದೆ.

ಪೋಸ್ಟ್ ಮಾಡುವುದು ನಾಳೆ, ಸೋಮವಾರ, ಜುಲೈ 28, 2003.